ಇಸ್ಪೀಟೆಲೆ ಹೇಳಿದ್ದೇ ಆರ್ಡರ್

ಹೋದ ವರ್ಷ ದಸರಾ ಮುಗಿದು, ರಸ್ತೆಗಳಿಗೆ ಕಟ್ಟಿದ್ದ ದೀಪದ ಸರಗಳನ್ನು ಏಣಿ ಹಾಕಿಕೊಂಡು ಬಿಚ್ಚುತ್ತಿದ್ದ ವಾರ. ಆ ಭಾನುವಾರ ಮಧ್ಯಾಹ್ನ ಬೋಗಾದಿಯ ಒಂದು ಪಾರ್ಟಿ ಹಾಲಿನಲ್ಲಿ ನಾನು ಎಂಟು ನಿಮಿಷ ಎಲ್ಲರನ್ನೂ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದೆ. ಒಂಬತ್ತನೇ ನಿಮಿಷಕ್ಕೆ ಹಿಂದಿನ ಮೆಟ್ಟಿಲು ಇಳಿದು ಓಡಿಹೋಗೋಣ ಅನ್ನಿಸಿತು. ಹಿಂದೆ ಮೆಟ್ಟಿಲು ಇರಲಿಲ್ಲ, ಅದಕ್ಕೇ ನಿಂತೆ.

ನಾನು ಮಿಮಿಕ್ರಿ ಮಾಡುವವನು. ವಾರದಲ್ಲಿ ಆರು ದಿನ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುತ್ತೇನೆ, ಏಳನೇ ದಿನ ಯಾರದೋ ದನಿಯನ್ನು ನನಗೆ ಅಂಟಿಸಿಕೊಳ್ಳುತ್ತೇನೆ. ಸಿನಿಮಾ ನಟರ ದನಿ ನನಗೆ ಬರುವುದಿಲ್ಲ. ಪ್ರಯತ್ನ ಮಾಡಿಲ್ಲ ಅಂತಲ್ಲ. ಯಾವ ನಟನ ದನಿ ಮಾಡಿದರೂ ಕೊನೆಗೆ ನೆಗಡಿಯಾದ ನನ್ನ ದನಿಯೇ ಬರುತ್ತದೆ. ನನಗೆ ಬರುವುದು ಮಾಮೂಲಿ ಜನರ ದನಿ. ನಮ್ಮ ಮನೆ ಓನರ್, ಸಿಟಿ ಬಸ್ ಕಂಡಕ್ಟರ್, ಫೋನಿನಲ್ಲಿ ಮಾತಾಡುವಾಗ ಊರಿಗೆಲ್ಲ ಕೇಳಿಸುವ ನಮ್ಮ ದೊಡ್ಡಮ್ಮ. ಹಾಗಾಗಿ ನನ್ನದು ಒಂಥರಾ ಅಳತೆ ಕೊಟ್ಟು ಹೊಲಿಸುವ ಮಿಮಿಕ್ರಿ. ಹುಟ್ಟುಹಬ್ಬವೋ ಬೀಳ್ಕೊಡುಗೆಯೋ ಇದ್ದರೆ, ಆ ಮನುಷ್ಯನ ನಾಲ್ಕು ವಾಯ್ಸ್ ಮೆಸೇಜ್ ಕಳಿಸಿದರೆ ಸಾಕು, ವಾರದಲ್ಲಿ ಅವರ ಹೆಂಡತಿಯೂ ತಿರುಗಿ ನೋಡುವ ಹಾಗೆ ರೆಡಿ ಮಾಡಿಕೊಡುತ್ತೇನೆ.

ಈ ಪಾರ್ಟಿಗೆ ನನ್ನನ್ನು ಕರೆದವರು ಕುಮಾರ್ ಸರ್. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಅವರು ಪಿಸುಗುಟ್ಟಿದರೂ ತಪ್ಪಲೆ ಬಿದ್ದ ಹಾಗೆ ಕೇಳಿಸುತ್ತದೆ. ಅವರ ಪಕ್ಕದ ಪ್ಲೈವುಡ್ ಅಂಗಡಿಯ ಪರಮೇಶ್ ಅವರಿಗೆ ಐವತ್ತು ತುಂಬುತ್ತಿತ್ತು. ಇಪ್ಪತ್ತೈದು ವರ್ಷದ ದೋಸ್ತಿ. ಗೆಳೆಯರೆಲ್ಲ ಸೇರಿ ಹಾಲ್ ಬುಕ್ ಮಾಡಿದ್ದರು.

"ನೋಡು ಗುರು, ಐಟಮ್ಮು ಏನಪ್ಪಾ ಅಂದ್ರೆ, ನೀನು ಪರ್ಮೇಶಿ ದನಿ ಮಾಡ್ಬೇಕು. ಅದೂ ಮೂರು ಪೆಗ್ ಇಳಿದ ಮೇಲಿನ ಪರ್ಮೇಶಿ" ಅಂದರು ಕುಮಾರ್ ಸರ್. ಹನ್ನೊಂದು ವಾಯ್ಸ್ ಮೆಸೇಜ್ ಕಳಿಸಿದರು. ಎಲ್ಲವೂ ಪರಮೇಶ್ ಅವರು ಬಾರಿನಲ್ಲಿ ಕೂತೋ, ಬಾರಿನಿಂದ ಮನೆ ಹುಡುಕುತ್ತಲೋ ಕಳಿಸಿದ್ದವು. ಗೆಳೆಯರು ಅವನ್ನು ಆಭರಣದ ಹಾಗೆ ಜೋಪಾನ ಮಾಡಿಟ್ಟಿದ್ದರು.

"ಈಗ ಐದು ತಿಂಗಳಿಂದ ಬಿಟ್ಬುಟ್ಟಿದೀನಿ ಅಂತ ನಾಟಕ ಆಡ್ತಾವ್ನೆ ಕಣೋ. ಡಾಕ್ಟ್ರು ಏನೋ ಹೆದರಿಸವ್ರೆ. ಡಾಕ್ಟ್ರು ಯಾರ್ನ ಹೆದರ್ಸಲ್ಲ ಹೇಳು? ಅವ್ನಿಲ್ದೆ ನಮ್ಮ ಟೇಬಲ್ಲೇ ಸಪ್ಪೆ ಆಗೋಗಿದೆ. ಅವತ್ತು ವ್ರತ ಮುರಿಸ್ಬೇಕು. ನೀನು ಅವನ ದನೀಲಿ ಕರೆದ್ರೆ ತಾನೇ ಬರ್ತಾನೆ."

ನಾನೂ ನಕ್ಕೆ. ಇದನ್ನು ಮುಚ್ಚಿಡುವುದಿಲ್ಲ. 'ಒಳ್ಳೆ ಐಡಿಯಾ ಸರ್' ಅಂತಲೂ ಅಂದೆ.

ಒಂದು ವಾರ ಆ ಹನ್ನೊಂದು ಮೆಸೇಜು ಕಿವಿಗೆ ಹಾಕಿಕೊಂಡು ತಿರುಗಿದೆ. ಪರಮೇಶ್ ಅವರ ಮಾತು ಕುಡಿದಾಗ ಒಂದು ಕಡೆ ವಾಲುತ್ತಿತ್ತು. ಮೊದಲ ಪದ ಜೋರು, ಕೊನೆಯ ಪದ ನುಂಗಿಬಿಡುವುದು, ಮಧ್ಯೆ ಕಾರಣವಿಲ್ಲದ ಒಂದು ನಗು. "ಇದೇ ಲಾಸ್ಟ್ ಕಣೋ, ದೇವ್ರಾಣೆಗೂ ಲಾಸ್ಟು" ಅನ್ನುವುದು ಹನ್ನೊಂದರಲ್ಲಿ ಏಳು ಕಡೆ ಬರುತ್ತಿತ್ತು. ಅದನ್ನೇ ಹಿಡಿದುಕೊಂಡೆ.

ಆ ದಿನ ನನ್ನ ಜೊತೆ ಇನ್ನೊಬ್ಬ ಕಲಾವಿದರೂ ಇದ್ದರು. ಸಿದ್ದಣ್ಣ. ನಜರ್‌ಬಾದಿನವರು, ಅರವತ್ತರ ಹತ್ತಿರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಪ್ಪು ಪ್ಯಾಂಟು. ಇಪ್ಪತ್ತು ವರ್ಷಕ್ಕೂ ಮೇಲೆ ಬಾರುಗಳಲ್ಲಿ ಸಪ್ಲೈಯರ್ ಆಗಿದ್ದವರು, ಅಂದರೆ ಟೇಬಲ್ಲಿಗೆ ಆರ್ಡರ್ ತಂದಿಡುವ ಕೆಲಸ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಇಸ್ಪೀಟೆಲೆ ಹಿಡಿದು ಕೈ ಪಳಗಿಸಿಕೊಂಡಿದ್ದರಂತೆ. ಈಗ ದೊಡ್ಡವರ ಪಾರ್ಟಿಗಳಲ್ಲಿ ಕುಡಿತದ ಕಥೆ ಹೇಳುತ್ತಾ ಇಸ್ಪೀಟಿನ ಜಾದೂ ತೋರಿಸುತ್ತಾರೆ. ಜಾದೂಗಾರ ಅಂದರೆ ಮಿಂಚುವ ಕೋಟು, ಟೋಪಿ, ಒಂದು ಪಾರಿವಾಳವಾದರೂ ಇರುತ್ತದೆ ಅಂದುಕೊಂಡಿದ್ದೆ. ಇವರು ಕೈಯಲ್ಲಿ ಟ್ರೇ ಹಿಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ನಾನು ಅವರನ್ನೇ ಕರೆದು "ಅಣ್ಣ, ಒಂದು ಸೋಡ ಕೊಡಿ" ಅಂದುಬಿಟ್ಟೆ.

ಅವರು ತಂದುಕೊಟ್ಟರು! ಕೊಟ್ಟು, "ಬೇರೇನಾದ್ರೂ ಬೇಕಾ ಸ್ವಾಮಿ?" ಅಂದರು. ಆಮೇಲೆ ನನ್ನ ಸೋಡ ಬಾಟಲಿಯ ಒದ್ದೆ ತಳಕ್ಕೆ ಒಂದು ಎಲೆ ಅಂಟಿರುವುದು ಕಾಣಿಸಿತು. ಗುಲಾಮ. ಅದರ ಮೇಲೆ ಪೆನ್ನಿನಲ್ಲಿ 'ಮಿಮಿಕ್ರಿಯವನು' ಅಂತ ಬರೆದಿತ್ತು. ತಿರುಗಿ ನೋಡಿದರೆ ಅವರು ಆಗಲೇ ಇನ್ನೊಂದು ಟೇಬಲ್ಲಿನ ಹತ್ತಿರ ಗ್ಲಾಸು ಒರೆಸುತ್ತಿದ್ದರು. ಆ ಎಲೆ ನನ್ನ ಪರ್ಸಿನಲ್ಲಿ ಇವತ್ತಿಗೂ ಇದೆ. ಗುಲಾಮನ ಮುಖಕ್ಕೂ ನನ್ನ ಮುಖಕ್ಕೂ ಹೋಲಿಕೆ ಇದೆ ಅಂತ ಅಂಗಡಿಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ಊಟಕ್ಕೆ ಮುಂಚೆ ಅವರ ಮೊದಲ ಸುತ್ತು. ನಾಲ್ಕು ರಾಜರನ್ನು ತೆಗೆದು ತೋರಿಸಿದರು. "ಸ್ವಾಮಿ, ಇವ್ರು ನಾಲ್ಕು ಜನ. ನಾಲ್ಕೂ ಜನ ಮನೇಲಿ ಹೇಳಿ ಬಂದಿರೋದು ಒಂದೇ ಮಾತು, 'ನಾನು ಅವ್ನ ಜೊತೆ ಕೂರಲ್ಲ ಕಣೇ.' ಅದ್ಕೇ ನಾಲ್ಕು ಟೇಬಲ್ಲು." ನಾಲ್ಕು ಜನ ಅತಿಥಿಗಳಿಂದ ಎಲೆಕಟ್ಟಿನ ನಾಲ್ಕು ಬೇರೆ ಬೇರೆ ಕಡೆ ಒಬ್ಬೊಬ್ಬ ರಾಜನನ್ನು ಹಾಕಿಸಿದರು. ಆಮೇಲೆ ಕಟ್ಟಿನ ಮೇಲೆ ಒಂದು ಖಾಲಿ ಗ್ಲಾಸು ಇಟ್ಟು, "ಒಂದು ಪೆಗ್ ಬಿತ್ತು" ಅಂದರು. ಗ್ಲಾಸು ಎತ್ತಿ ಎಲೆ ಹರಡಿದರೆ ನಾಲ್ಕೂ ರಾಜರು ಅಕ್ಕಪಕ್ಕ. "ನೋಡಿ, ಇನ್ನು ಮೇಲೆ ಒಬ್ರ ಹೆಗಲ ಮೇಲೆ ಒಬ್ರು ಅಳ್ತಾರೆ, ನಾವು ಸಪ್ಲೈಯರ್‌ಗಳು ಬಾಗಿಲು ಹಾಕೋ ಹಂಗಿಲ್ಲ."

ಇಡೀ ಹಾಲು ಬಿದ್ದು ಬಿದ್ದು ನಕ್ಕಿತು. ನಾನು ಮೂರಡಿ ದೂರದಲ್ಲಿದ್ದೆ. ಬೆರಳು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಆದರೂ ಏನೂ ಗೊತ್ತಾಗಲಿಲ್ಲ. ಆ ಬೆರಳುಗಳು ಗಡಿಬಿಡಿಯೇ ಮಾಡುತ್ತಿರಲಿಲ್ಲ. ಮನೆಯಲ್ಲಿ ಅವರೆಕಾಳು ಸುಲಿಯುವಷ್ಟು ನಿಧಾನ.

ಆಮೇಲೆ ಅವರ ಮುಖ್ಯ ಐಟಂ ಶುರುವಾಯಿತು. ಒಂದು ಕಟ್ಟಿನ ಪ್ರತಿ ಎಲೆಯ ಮೇಲೂ ಒಂದೊಂದು ಕುಡಿಯುವುದರ ಹೆಸರು ಬರೆದಿದ್ದರು. ವಿಸ್ಕಿ, ರಮ್, ಬ್ರಾಂದಿ, ಬಿಯರ್, ಹೀಗೆ. ಒಂದೇ ಒಂದರ ಮೇಲೆ ಮಾತ್ರ ಮಜ್ಜಿಗೆ ಅಂತಿತ್ತು. "ನಿಯಮ ಏನಂದ್ರೆ, ಎಲೆ ಹೇಳಿದ್ದೇ ಆರ್ಡರ್. ಕೊಸರಾಡಂಗಿಲ್ಲ" ಅಂದು ಒಂದೆರಡು ಟೇಬಲ್ಲಿಗೆ ಹೋದರು. ಯಾರಿಗೆ ಏನು ಇಷ್ಟವೋ ಅವರು ಎಳೆದ ಎಲೆಯಲ್ಲಿ ಅದೇ ಬರುತ್ತಿತ್ತು. ಯಾರನ್ನೂ ಕೇಳುತ್ತಿರಲಿಲ್ಲ. ಜನಕ್ಕೆ ಹುಚ್ಚೇ ಹಿಡಿಯಿತು.

ಅಷ್ಟರಲ್ಲಿ ಕುಮಾರ್ ಸರ್ ನನಗೆ ಕಣ್ಣು ಹೊಡೆದರು. ನಾನು ಮೈಕ್ ತೆಗೆದುಕೊಂಡೆ.

"ಲೇ ಕುಮಾರಾ, ಬಂದ್ಬುಟ್ಟೆ ಕಣೋ..." ಅಂದೆ, ಪರಮೇಶ್ ಅವರ ಮೂರು ಪೆಗ್ಗಿನ ದನಿಯಲ್ಲಿ. ಕುಮಾರ್ ಸರ್ ಟೇಬಲ್ಲು ಗುದ್ದಿ ಗುದ್ದಿ ನಕ್ಕರು. ಆಟೋದವನ ಜೊತೆ ಜಗಳ ಮಾಡಿದೆ. ಮನೆ ಗೇಟಿನ ಜೊತೆ ಮಾತಾಡಿದೆ. ಸ್ಕೂಟರ್ ಕೀ ಕೈಯಲ್ಲಿ ಹಿಡಿದುಕೊಂಡೇ ಕೀ ಹುಡುಕಿದೆ. ಕೊನೆಗೆ, "ಇದೇ ಲಾಸ್ಟ್ ಕಣೋ, ದೇವ್ರಾಣೆಗೂ ಲಾಸ್ಟು, ಒಂದು ಚಿಕ್ಕದು ಹಾಕೋ ಕುಮಾರಾ..." ಅಂದೆ.

ಇದನ್ನೇ ಕಾಯುತ್ತಿದ್ದವರ ಹಾಗೆ ಕುಮಾರ್ ಸರ್ ಒಂದು ಗ್ಲಾಸಿಗೆ ರಮ್ ಹಾಕಿಕೊಂಡು ಎದ್ದು ಬಂದು ಪರಮೇಶ್ ಅವರ ಕೈಗಿಟ್ಟರು. "ನಿನ್ ಬಾಯಿಂದ್ಲೇ ಕೇಳಿದೀಯ ಕಣೋ, ಈಗ ಇಲ್ಲ ಅನ್ಬೇಡ!" ಗೆಳೆಯರೆಲ್ಲ "ಪರ್ಮೇಶಿ! ಪರ್ಮೇಶಿ!" ಅಂತ ಚಪ್ಪಾಳೆ ತಟ್ಟತೊಡಗಿದರು.

ಪರಮೇಶ್ ಅವರೂ ನಗುತ್ತಿದ್ದರು. "ಬೇಡ ಕಣ್ರೋ... ಬೇಡ್ರೋ..." ಅನ್ನುತ್ತಿದ್ದರು. ಆದರೆ ಗ್ಲಾಸು ಆಗಲೇ ಅವರ ಕೈಯಲ್ಲಿತ್ತು. ಬೆರಳು ಸುತ್ತಿಕೊಂಡಿದ್ದವು. ಅವರ ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಗಾಯತ್ರಿ ಮೇಡಂ ಆ ಕಡೆ ನೋಡಲೇ ಇಲ್ಲ. ತಟ್ಟೆಯಲ್ಲಿದ್ದ ಒಂದು ಕಡಲೆಬೀಜವನ್ನು ಬೆರಳಿನಿಂದ ಅತ್ತ ಇತ್ತ ಉರುಳಿಸುತ್ತಿದ್ದರು. ಅಷ್ಟೇ. ಅಳಲಿಲ್ಲ, ಗಂಡನ ಕೈ ಹಿಡಿಯಲಿಲ್ಲ. ಆ ಕಡಲೆಬೀಜ ನೋಡಿದ ಮೇಲೆ ನನಗೆ ನಾನು ಏನು ಮಾಡಿದೆ ಅಂತ ಅರ್ಥವಾಯಿತು. ಐದು ತಿಂಗಳು ಆ ಮನುಷ್ಯ ಗಟ್ಟಿಯಾಗಿ ನಿಂತಿದ್ದ. ಅವನನ್ನು ಬೀಳಿಸಲು ಅವನದೇ ದನಿ ಕದ್ದು ತಂದವನು ನಾನು. ಮೈಕ್ ಕೈಯಲ್ಲೇ ಇದೆ. ನಿಲ್ಲಿಸಿ ಅನ್ನಬೇಕು, ಯಾರ ದನಿಯಲ್ಲಿ ಅನ್ನಲಿ?

ಆಗ ಸಿದ್ದಣ್ಣ ಬಂದರು. ಓಡಿ ಬರಲಿಲ್ಲ. ಬಾರಿನಲ್ಲಿ ಟೇಬಲ್ಲುಗಳ ಮಧ್ಯೆ ನಡೆಯುವ ಹಾಗೆ, ಟ್ರೇ ಹಿಡಿದುಕೊಂಡು, ಯಾರಿಗೂ ತಾಗದೆ ಬಂದರು.

"ಕ್ಷಮಿಸ್ಬೇಕು ಸ್ವಾಮಿ, ಆರ್ಡರ್ ತಗೊಳ್ದೆ ಸಪ್ಲೈ ಮಾಡುದ್ರೆ ನಮ್ ಬಾರಲ್ಲಿ ಕೆಲ್ಸದಿಂದ ತೆಗೀತಿದ್ರು" ಅಂದು, ಪರಮೇಶ್ ಅವರ ಕೈಯಿಂದ ಗ್ಲಾಸನ್ನು ಎಷ್ಟು ಮರ್ಯಾದೆಯಿಂದ ತೆಗೆದುಕೊಂಡರೆಂದರೆ, ಯಾರಿಗೂ ಅದು ಕಿತ್ತುಕೊಂಡ ಹಾಗೆ ಕಾಣಲಿಲ್ಲ. ಗ್ಲಾಸು ಟ್ರೇ ಮೇಲೆ ಹೋಯಿತು. "ಬರ್ತ್‌ಡೇ ಯಜಮಾನ್ರು ಇನ್ನೂ ಎಲೇನೇ ಎಳ್ದಿಲ್ಲ. ಎಲೆ ಹೇಳಿದ್ದೇ ಆರ್ಡರ್. ಏನ್ ಕುಮಾರಣ್ಣ, ನಿಯಮ ಒಪ್ತೀರೋ ಇಲ್ವೋ?"

"ಒಪ್ದೆ! ಐವತ್ತೆರಡರಲ್ಲಿ ಐವತ್ತೊಂದು ಎಣ್ಣೇನೇ ಇರೋದು, ಎಲ್ಲಿ ತಪ್ಪಿಸ್ಕೋತಾನೆ?" ಅಂದರು ಕುಮಾರ್ ಸರ್.

"ಅಂಗಾದ್ರೆ ನೀವೇ ಕಲಸಿ. ನೀವೇ ಎಳೀರಿ, ಅವರ ಪರವಾಗಿ."

ಕುಮಾರ್ ಸರ್ ಪಾತ್ರೆ ಉಜ್ಜುವಷ್ಟು ಜೋರಾಗಿ ಕಲಸಿದರು. ಒಂದು ಎಲೆ ಎಳೆದರು. ನೋಡಿದರು. ಮುಖ ಹುಳ್ಳಗಾಯಿತು.

ಮಜ್ಜಿಗೆ.

ಹಾಲ್ ಗೊಳ್ಳೆಂದಿತು. "ಏಯ್, ಇದು ಆಗಲ್ಲ! ಇನ್ನೊಂದ್ಸಲ!" ಅಂದರು ಕುಮಾರ್ ಸರ್. ಸಿದ್ದಣ್ಣ ಸ್ವಲ್ಪವೂ ಬೇಸರವಿಲ್ಲದೆ, "ಅಯ್ಯೋ, ಅದ್ಕೇನು ಸ್ವಾಮಿ. ಈ ಎಲೆ ನಿಮಗೆ ಕಷ್ಟ ಕೊಡ್ತದೆ, ನೀವೇ ಜೇಬಲ್ಲಿ ಇಟ್ಕೊಳಿ" ಅಂದು ಆ ಮಜ್ಜಿಗೆ ಎಲೆಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಕುಮಾರ್ ಸರ್ ಕೈಗೆ ಕೊಟ್ಟರು. ಅವರು ಶರ್ಟಿನ ಜೇಬಿಗೆ ಹಾಕಿಕೊಂಡು ಗುಂಡಿಯನ್ನೂ ಹಾಕಿದರು. "ಈಗ ಹೆಂಗ್ ಬರ್ತದೆ ನೋಡ್ತೀನಿ." ಮತ್ತೆ ಕಲಸಿದರು. ಈ ಸಲ ಕಣ್ಣು ಮುಚ್ಚಿ ಎಳೆದರು. ಎಲೆಯನ್ನು ಮೇಜಿನ ಮೇಲೆ ಬಡಿದರು.

ಮಜ್ಜಿಗೆ.

ಕುಮಾರ್ ಸರ್ ಎದೆ ಮುಟ್ಟಿಕೊಂಡರು. ಜೇಬಿನ ಗುಂಡಿ ಬಿಚ್ಚಿ ಎಲೆ ತೆಗೆದರು. ಅದರ ಮೇಲೆ ರಮ್ ಅಂತಿತ್ತು.

ಸಿದ್ದಣ್ಣ ಟ್ರೇಯ ಮೇಲಿದ್ದ ರಮ್ಮಿನ ಗ್ಲಾಸನ್ನು ಅವರ ಮುಂದೆ ಬಗ್ಗಿ ಇಟ್ಟರು. "ಸ್ವಾಮಿ, ನಿಮ್ ಆರ್ಡರ್ ನಿಮ್ ಜೇಬಲ್ಲೇ ಇತ್ತು. ನಿಮ್ದು ನೀವು ಕುಡೀರಿ, ಅವ್ರದ್ದು ಅವ್ರು ಕುಡೀಲಿ."

ಒಂದು ಕ್ಷಣ ಕುಮಾರ್ ಸರ್ ಆ ಗ್ಲಾಸನ್ನೂ ಪರಮೇಶ್ ಅವರನ್ನೂ ನೋಡಿದರು. ಆಮೇಲೆ ಅವರೇ ಮೊದಲು ನಕ್ಕರು. ಕೆಟ್ಟ ಮನುಷ್ಯ ಅಲ್ಲ ಅವರು, ಗೆಳೆಯ ಕೈತಪ್ಪಿಹೋದ ಅಂತ ಬೇಜಾರಿನಲ್ಲಿದ್ದವರು. ಊಟದ ಕಡೆಗೆ ತಾವೇ ಹೋಗಿ, ಕೊತ್ತಂಬರಿ ಸೊಪ್ಪು ತೇಲುವ ಒಂದು ದೊಡ್ಡ ಲೋಟ ಮಜ್ಜಿಗೆ ತಂದು, "ತಗೊಳಪ್ಪಾ, ಎಲೇನೇ ನಿನ್ ಪಾರ್ಟಿ ಆಗೋಯ್ತು" ಅಂದರು. ಪರಮೇಶ್ ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಒಂದೇ ಗುಟುಕಿಗೆ ಕುಡಿದರು. ರಮ್ ಕುಡಿದಿದ್ದರೂ ಅಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ.

ನಾನು ಸದ್ದಿಲ್ಲದೆ ಮೈಕ್ ಇಡಲು ಹೋದೆ. ಸಿದ್ದಣ್ಣ ಬಿಡಲಿಲ್ಲ. "ಮಿಮಿಕ್ರಿಯವ್ರೇ, ಎಲ್ಲೋಗ್ತೀರಿ? ಈಗ ಮಜ್ಜಿಗೆ ಕುಡಿದ ಪರಮೇಶಣ್ಣನ ದನಿ ಮಾಡಿ."

ಅದು ನನಗೆ ಬರುತ್ತಿರಲಿಲ್ಲ. ಯಾಕೆಂದರೆ ಆ ದನಿ ನಾನು ಕೇಳಿಯೇ ಇರಲಿಲ್ಲ. ಹನ್ನೊಂದು ಮೆಸೇಜಿನಲ್ಲಿ ಒಂದರಲ್ಲೂ ಅದಿರಲಿಲ್ಲ. ಒಂದು ವಾರ ಇಡೀ ಒಬ್ಬ ಮನುಷ್ಯನನ್ನು ಕಲಿತಿದ್ದೇನೆ ಅಂದುಕೊಂಡಿದ್ದೆ, ಅವರು ಮಾಮೂಲಿಯಾಗಿ ಹೇಗೆ ಮಾತಾಡುತ್ತಾರೆ ಅಂತಲೇ ಗೊತ್ತಿರಲಿಲ್ಲ.

"ನಂಗೆ ಗೊತ್ತಿಲ್ಲ ಸರ್. ನೀವೇ ಮಾತಾಡ್ಬೇಕು" ಅಂದು ಮೈಕನ್ನು ಪರಮೇಶ್ ಅವರ ಕೈಗೆ ಕೊಟ್ಟೆ.

ಅವರು ಮೈಕನ್ನು ಸ್ವಲ್ಪ ದೂರ ಹಿಡಿದುಕೊಂಡರು. ತಗ್ಗಿದ ದನಿ, ನಿಧಾನ, ಪ್ರತಿ ಪದದ ಕೊನೆಯೂ ಪೂರ್ತಿ. "ಎಲ್ರೂ ಬಂದಿದೀರಿ. ತುಂಬಾ ಸಂತೋಷ ಆಯ್ತು. ಕುಮಾರ, ನಾನು ಎಲ್ಲೂ ಹೋಗಿಲ್ಲ ಕಣೋ. ನಾಳೆ ಸಂಜೆ ಅಂಗಡಿ ಮುಚ್ಚಿದ ಮೇಲೆ ಬಾ, ಟೀ ಕುಡಿಯೋಣ. ಈಗ ಊಟ ಮಾಡಿ, ತಣ್ಣಗಾಗ್ತಿದೆ." ಅಷ್ಟೇ. ಕುಮಾರ್ ಸರ್ ಮೂಗು ಒರೆಸಿಕೊಳ್ಳುತ್ತಾ, "ಈರುಳ್ಳಿ ಜಾಸ್ತಿ ಹಾಕವ್ರೆ ಪಲ್ಯಕ್ಕೆ" ಅಂದರು. ಅವರು ಇನ್ನೂ ತಟ್ಟೆಯನ್ನೇ ಹಿಡಿದಿರಲಿಲ್ಲ.

ಎಲ್ಲರೂ ಹೊರಡುವಾಗ ಗಾಯತ್ರಿ ಮೇಡಂ ನನ್ನ ಹತ್ತಿರ ನಿಂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನಗುತ್ತಲೇ ಹೇಳಿದರು:

"ಚೆನ್ನಾಗಿ ಮಾಡ್ದೆ ಕಣಪ್ಪಾ. ಥೇಟ್ ಅವ್ರೇ. ಆ ದನಿ ಕೇಳಿ ಐದು ತಿಂಗಳಾಗಿತ್ತು ನಾನು."

ನನ್ನ ಮಿಮಿಕ್ರಿಗೆ ಸಿಕ್ಕಿರುವ ಮೆಚ್ಚುಗೆಗಳಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಾಗುವುದಿಲ್ಲ.

ಕೆಳಗೆ ಸಿದ್ದಣ್ಣ ತಮ್ಮ ಟಿವಿಎಸ್ ಮೊಪೆಡ್ಡಿಗೆ ಟ್ರೇ ಕಟ್ಟುತ್ತಿದ್ದರು. ಎದುರಿನ ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನಿಂದ ಸಿಮೆಂಟ್ ಧೂಳು ಬರುತ್ತಿತ್ತು. ನಾನು ಹೋಗಿ ಹಗ್ಗದ ತುದಿ ಹಿಡಿದುಕೊಂಡೆ.

"ಅಣ್ಣ, ಜೇಬಲ್ಲಿದ್ದ ಎಲೆ ಹೆಂಗ್ ಬದಲಾಯ್ತು?"

"ಅದಾ? ಅದು ಬರೀ ಕೈಚಳಕ ಕಣೋ. ಆರು ತಿಂಗಳು ಕೂತ್ರೆ ನಿಂಗೂ ಬರ್ತದೆ. ನಿನ್ ಬಾಯಿ ಸುಮ್ನಿದ್ರೆ ಮೂರೇ ತಿಂಗಳು." ಗಂಟು ಬಿಗಿದು ಹೇಳಿದರು, "ಮಜ್ಜಿಗೆ ಎಲೆ ಯಾರ್ ಕೈಗೋಗ್ಬೇಕು ಅನ್ನೋದು ಕಷ್ಟ. ನಾನು ಒಂದು ಗಂಟೆ ಮುಂಚೆ ಬಂದು ಟ್ರೇ ಇಡ್ಕಂಡು ಸುಮ್ನೆ ಓಡಾಡೋದು ಅದ್ಕೇ. ಪ್ರತಿ ಪಾರ್ಟೀಲೂ ಒಬ್ರಾದ್ರೂ ಇರ್ತಾರೆ. ಮಾತ್ರೆ ತಗೊಳೋರು, ಹರಕೆ ಹೊತ್ತಿರೋರು, ಬಿಟ್ಟಿರೋರು. ಬಾಯ್ಬುಟ್ಟು ಹೇಳೋಕೆ ನಾಚ್ಕೆ. ಕುಡಿಯೋನು ಗ್ಲಾಸ್ ಬರೋದನ್ನ ನೋಡ್ತಾನೆ. ಬಿಟ್ಟೋನು ಬಾಗಿಲು ನೋಡ್ತಾನೆ. ನಿಮ್ ಪರಮೇಶಣ್ಣ ಬಂದಾಗ್ಲಿಂದ ಬಾಗ್ಲೇ ನೋಡ್ತಿದ್ರು."

"ನೀವು ಕುಡೀತೀರಾ ಅಣ್ಣ?"

"ಇಪ್ಪತ್ತು ವರ್ಷ ಊರಿಗೆಲ್ಲ ಕುಡ್ಸಿದೀನಿ, ಕುಡಿಯೋಕೆ ಪುರುಸೊತ್ತೆಲ್ಲಿತ್ತು?" ಅಂದು ಮೊಪೆಡ್ ಪೆಡಲ್ ತುಳಿದರು. ಹತ್ತು ಸಲ ತುಳಿದರೂ ಸ್ಟಾರ್ಟ್ ಆಗಲಿಲ್ಲ. ಕೊನೆಗೆ ನಾನೇ ತಳ್ಳಿದೆ. ಎಂಥ ಜಾದೂಗಾರನಿಗೂ ಹಿಂದಿನಿಂದ ತಳ್ಳಲು ಒಬ್ಬ ಬೇಕಾಗುತ್ತದೆ ಅಂತ ಸಮಾಧಾನ ಮಾಡಿಕೊಂಡೆ.

ಈಗ ಇಬ್ಬರೂ ಜೊತೆಯಾಗಿಯೇ ಕಾರ್ಯಕ್ರಮಕ್ಕೆ ಹೋಗುತ್ತೇವೆ. ನಾನು ಅವರ ದನಿಯನ್ನೂ ಮಾಡುತ್ತೇನೆ, ಅವರೆದುರಿಗೇ. ಜನ ನಗುತ್ತಾರೆ, ಅವರೂ ನಗುತ್ತಾರೆ. ಆದರೆ ಅವರ ಹಾಗೆ ಒಂದು ಗಂಟೆ ಸುಮ್ಮನೆ ನಿಂತು ಜನರನ್ನು ನೋಡುವುದಿದೆಯಲ್ಲ, ಅದನ್ನು ಇನ್ನೂ ಕಲಿಯುತ್ತಿದ್ದೇನೆ. ಯಾವ ವಾಯ್ಸ್ ಮೆಸೇಜಿನಲ್ಲೂ ಅದು ಸಿಗುವುದಿಲ್ಲ.

ಹೋದ ತಿಂಗಳು ನಜರ್‌ಬಾದಿನ ಒಂದು ಮನೆಯ ತಾರಸಿಯಲ್ಲಿ ಮಧ್ಯಾಹ್ನದ ಪಾರ್ಟಿ. ನಾನು ಬಹಳ ಹೊತ್ತು ನೋಡಿ, ಸಿದ್ದಣ್ಣನ ಕಿವಿಯಲ್ಲಿ ಹೇಳಿದೆ, "ಅಣ್ಣ, ಆ ಮೂಲೇಲಿ ನಿಂತಿರೋ ನೀಲಿ ಶರ್ಟಿನವರು. ಒಂದು ತೊಟ್ಟೂ ಕುಡ್ದಿಲ್ಲ. ಕೆಳಗಡೆನೇ ನೋಡ್ತಿದಾರೆ. ಏನೋ ಕಷ್ಟ ಇದೆ ಅವರಿಗೆ."

ಸಿದ್ದಣ್ಣ ನೋಡಿದರು. "ಅವ್ರು ಕಾರ್ ಡ್ರೈವರ್ ಕಣೋ. ಗಾಡೀನ ಯಾರಾದ್ರೂ ಗೀಚ್ಬುಟ್ಟಾರು ಅಂತ ಬಗ್ಗಿ ನೋಡ್ತಾವ್ರೆ."

ನಾನು ನಾಲಿಗೆ ಕಚ್ಚಿಕೊಂಡೆ. ಇನ್ನು ಒಂದು ವರ್ಷ ಇದನ್ನೇ ಹೇಳಿಕೊಂಡು ನನ್ನನ್ನು ರೇಗಿಸುತ್ತಾರೆ ಅಂದುಕೊಂಡೆ. ಆದರೆ ಅವರು ನಗಲಿಲ್ಲ.

"ಮೈಕ್ ಹಿಡಿಯೋಕೆ ಮುಂಚೆ ನೋಡ್ದೆಯಲ್ಲ, ಅಷ್ಟು ಸಾಕು" ಅಂದರು. "ಹೋಗು, ಒಂದು ಲೋಟ ನೀರಾದ್ರೂ ಕೊಡು ಅವ್ರಿಗೆ. ಆಗ್ಲಿಂದ ಬಿಸಿಲಲ್ಲಿ ನಿಂತವ್ರೆ, ಯಾರೂ ಕೇಳಿಲ್ಲ."

ನಾನು ಸಿದ್ದಣ್ಣನ ಟ್ರೇಯನ್ನೇ ತೆಗೆದುಕೊಂಡು ಹೋದೆ.